ಪಂಪ್ ರೂಮಿನ ಪಕ್ಕದ ಮನೆ

ನನ್ನ ಸೋದರಮಾವ ಮನೆ ಮಾರುತ್ತಾರೆ, ನಾನು ಅವರ ಆಫೀಸಿನಲ್ಲಿ ಕೂತು ಫೋನ್ ಮಾಡುತ್ತೇನೆ. ನಮ್ಮ ವೆಬ್‌ಸೈಟಿನಲ್ಲಿ ಮನೆಗಳನ್ನು ನೋಡಿ ಯಾರಾದರೂ ಹೆಸರು, ನಂಬರು ಬಿಟ್ಟುಹೋದರೆ ಅದನ್ನು ಲೀಡ್ ಎನ್ನುತ್ತಾರೆ. ಆ ಇಂಗ್ಲಿಷ್ ಅಕ್ಷರಗಳಿಗೆ ಸೀಸ ಎಂಬ ಅರ್ಥವೂ ಇದೆ. ನಮಗೆ ಬರುತ್ತಿದ್ದವು ಹೆಚ್ಚಾಗಿ ಆ ಅರ್ಥದವೇ. ಹೊರಲು ಭಾರ, ಹೊಳಪಂತೂ ಇಲ್ಲ.

ಯಾವ ಲೀಡ್ ಗಟ್ಟಿ, ಯಾವುದು ಜೊಳ್ಳು ಎಂದು ಹೇಳುವುದು ನನ್ನ ಅಕ್ಕನ ಕೆಲಸ. ಬಂದವರು ಯಾವ ಪುಟ ತೆರೆದರು, ಯಾವ ಚಿತ್ರ ದೊಡ್ಡದು ಮಾಡಿ ನೋಡಿದರು, ಹೋದವರು ಮತ್ತೆ ಬಂದರೇ ಎಂಬುದನ್ನೆಲ್ಲ ಅವಳು ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಗಮನಿಸುತ್ತಾಳೆ. ಮಾವನಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಅವರ ಲೆಕ್ಕ ಸರಳ: ದೊಡ್ಡ ಬಂಗಲೆ ನೋಡಿದವನು ದೊಡ್ಡ ಗಿರಾಕಿ, ನಮಸ್ಕಾರ ಹೇಳಿ ಉದ್ದಕ್ಕೆ ವಿಚಾರಿಸಿದವನು ಇನ್ನೂ ದೊಡ್ಡ ಗಿರಾಕಿ. ಅವರು ಆರಿಸಿಕೊಟ್ಟವರಿಗೆ ಫೋನ್ ಮಾಡಿದರೆ ಬಂಗಲೆಯವರೆಲ್ಲ ‘ಸುಮ್ನೆ ನೋಡಿದ್ವಿ’ ಎನ್ನುತ್ತಿದ್ದರು.

ಆ ಸೋಮವಾರ ಮಾವ ಅಕ್ಕನ ಮೇಜಿನ ಮುಂದೆ ಬಂದು ನಿಂತರು.

“ಹೊರಗಿನ ಏಜೆನ್ಸಿಯವನು ಮೂಟೆಗಟ್ಟಲೆ ಲೀಡ್ ಕೊಡ್ತೀನಿ ಅಂತಿದಾನೆ ಕಣಮ್ಮ. ಶನಿವಾರ ಸಹಿ. ಅಷ್ಟರೊಳಗೆ ನಿನ್ನ ಲೆಕ್ಕದಿಂದ ಒಂದು ಮನೆ ಮಾರಿ ತೋರಿಸು. ಆಗಲಿಲ್ವಾ, ಈ ಮೇಜು ಖಾಲಿ ಮಾಡಿ ಬಾಗಿಲ ಹತ್ರ ಕೂತ್ಕೋ. ಬಂದೋರಿಗೆ ನೀರು ಕೊಡು, ನಗು ಕೊಡು.”

“ನೀರು ನಾನು ಕೊಡ್ತೀನಿ ಮಾವ. ನಗು ಅವಳ ಹತ್ರ ಸ್ಟಾಕ್ ಇಲ್ಲ,” ಎಂದೆ.

“ನಿನ್ನನ್ನ ಕೇಳಿದ್ನೇನೋ?” ಎಂದು ಗದರಿ, ಮಾವ ಅಕ್ಕನ ಕಂಪ್ಯೂಟರಿನಲ್ಲಿ ವೆಬ್‌ಸೈಟಿಗೆ ಬಂದಿದ್ದ ಒಬ್ಬನ ಸಾಲಿನ ಮೇಲೆ ಬೆರಳಿಟ್ಟರು. “ಇವನನ್ನ ಯಾಕೆ ಬಿಟ್ಟಿದೀಯ? ಬೆಳಗ್ಗೆಯಿಂದ ಸಂಜೆವರೆಗೂ ಬಂಗಲೆ ಪುಟದಿಂದ ಕದಲಿಲ್ಲ. ಪಾಪ, ಊಟಕ್ಕೂ ಎದ್ದಿಲ್ಲ! ಇಂಥವನಿಗೆ ಕಾರ್ ಕಳಿಸಬೇಕು.”

“ಕಾರ್ ಬೇಡ ಮಾವ, ಸ್ಟೂಲ್ ಸಾಕು,” ಎಂದಳು ಅಕ್ಕ.

“ಏನಂದೆ?”

“ನಾವು ಶಟರ್ ಎತ್ತಿದಾಗ ಬರ್ತಾನೆ, ಎಳೆದಾಗ ಹೋಗ್ತಾನೆ. ಭಾನುವಾರ ರಜ.”

ಅಕ್ಕ ಮುಂದಿನ ಕೋಣೆಗೆ ಹೋಗಿ ಸ್ಟೂಲ್ ಹತ್ತಿದಳು. ಅಲ್ಲಿ ಗೋಡೆಯ ಮೇಲಿದ್ದ ನಮ್ಮದೇ ಟಿವಿ ದಿನವಿಡೀ ವೆಬ್‌ಸೈಟಿನ ಬಂಗಲೆ ಪುಟವನ್ನು ತೋರಿಸುತ್ತಿತ್ತು. ಅವಳು ಅದನ್ನು ಆರಿಸಿದಳು. ಮಾವನ ಬೆರಳಿನ ಕೆಳಗಿದ್ದ ಮಹಾ ಗಿರಾಕಿಯೂ ಆರಿಹೋದ.

“ಪಾಪ, ಊಟಕ್ಕೂ ಎದ್ದಿಲ್ಲ!” ಎಂದೆ ನಾನು, ಮಾವನದೇ ದನಿಯಲ್ಲಿ. ಅವರ ಪೆನ್ನು ನನ್ನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು.

“ಶನಿವಾರ ಅಂದ್ರೆ ಶನಿವಾರ,” ಎಂದು ಗೊಣಗಿಕೊಂಡು ಮಾವ ಒಳಗೆ ನಡೆದರು.

ಗುರುವಾರ ಅಕ್ಕ ನನ್ನನ್ನು ಕರೆದು, ಮಾವ ಕಸಕ್ಕೆ ಹಾಕಿದ್ದ ಒಂದು ಲೀಡನ್ನು ತೋರಿಸಿದಳು. ಹೆಸರಿನ ಜಾಗದಲ್ಲಿ ‘ಮಾಸ್ತರು’ ಎಂದಷ್ಟೇ ಇತ್ತು. ನಮಸ್ಕಾರವಿಲ್ಲ, ವಿಚಾರಣೆಯಿಲ್ಲ, ಬರೀ ನಂಬರು. ನೋಡಿದ್ದಾದರೂ ಯಾವ ಮನೆ? ಎಷ್ಟು ಜನರಿಗೆ ತೋರಿಸಿದರೂ ಬಿಕರಿಯಾಗದ ನಮ್ಮ ನೆಲಮಹಡಿ ಮನೆ. ಅದರ ಎಡಗೋಡೆಯಾಚೆ ಪಂಪ್ ರೂಮು, ಬಲಗೋಡೆಯಾಚೆ ಕಾರುಗಳು ಇಳಿಯುವ ಇಳಿಜಾರು, ನೆತ್ತಿಯ ಮೇಲೆ ಜಿಮ್ಮು. ಬಾಗಿಲಲ್ಲಿ ಒಂದು ಹೂಕುಂಡ ಇಟ್ಟು ಮಾವ ಅದಕ್ಕೆ ‘ಗಾರ್ಡನ್ ಫ್ಲ್ಯಾಟ್’ ಎಂದು ನಾಮಕರಣ ಮಾಡಿದ್ದರು. ಒಳಗೆ ಕಾಲಿಟ್ಟವರಿಗೆ ಸಿಗುತ್ತಿದ್ದುದು ಹೂವಿನ ಕಂಪಲ್ಲ, ಪಂಪಿನ ಕಂಪನ.

“ಅಡುಗೆಮನೆ ಫೋಟೋ ನೋಡಿಲ್ಲ, ಬಚ್ಚಲು ನೋಡಿಲ್ಲ. ನಕ್ಷೆ ಒಂದನ್ನೇ ತೆಗೆದೂ ತೆಗೆದೂ ನೋಡಿದಾನೆ,” ಎಂದಳು ಅಕ್ಕ. “ಅದರಲ್ಲೂ ಪಂಪ್ ರೂಮಿನ ಮೂಲೆ ದೊಡ್ಡದು ಮಾಡಿದಾನೆ. ಆಮೇಲೆ ಮೇಲಿನ ಮಹಡಿ ನಕ್ಷೆ. ಆಮೇಲೆ ಸಾಲದ ಕಂತಿನ ಪುಟ. ಮಾರನೇ ದಿನ ಬಂದು ಮತ್ತೆ ಅದೇ.”

“ತಕರಾರು ಗಿರಾಕಿ ಕಣೇ. ರೇಟು ಇಳಿಸೋಕೆ ನೆಪ ಹುಡುಕ್ತಿದಾನೆ.”

“ಸದ್ದು ಬೇಡದೋನು ಪಂಪ್ ಕಂಡ ತಕ್ಷಣ ಓಡಿಹೋಗ್ತಿದ್ದ. ಇವನು ಪಂಪ್ ನೋಡಿದ ಮೇಲೆ ಕಂತು ನೋಡಿದಾನೆ. ಅಂದ್ರೆ ಇವನು ಮನೆ ನೋಡ್ತಿಲ್ಲ ಕಣೋ, ಮನೆ ಸುತ್ತ ಯಾರಿದಾರೆ ಅಂತ ನೋಡ್ತಿದಾನೆ. ಯಾರೂ ಇಲ್ಲ ಅಂತ ಗೊತ್ತಾಗಿ ಮತ್ತೆ ಮತ್ತೆ ಬರ್ತಿದಾನೆ.”

“ಖೋಟಾ ನೋಟು ಅಚ್ಚು ಹಾಕೋನೇ ಇರ್ಬೇಕು.”

“ಬಾಯಿ ಮುಚ್ಕೊಂಡು ಫೋನ್ ಮಾಡು. ಗಾರ್ಡನ್ ಗೀರ್ಡನ್ ಅನ್ನಬೇಡ. ಮೊದಲು ಪಂಪಿನ ವಿಷಯಾನೇ ಹೇಳು.”

ಬಾಯಿ ಮುಚ್ಚಿಕೊಂಡು ಫೋನ್ ಮಾಡುವ ವಿದ್ಯೆ ನನಗೆ ಇನ್ನೂ ಬಂದಿಲ್ಲ, ತೆರೆದೇ ಮಾಡಿದೆ. “ಸಾರ್, ಆ ಮನೆ ಪಕ್ಕ ಪಂಪ್ ಇದೆ, ಹೀಗನ್ನುತ್ತೆ: ಗುಂಯ್ಯ್ಯ್. ಮೇಲೆ ಜಿಮ್ಮಿದೆ: ಧಡ್! ಆ ಕಡೆ ಕಾರುಗಳು: ಭರ್ರ್...” ಅಕ್ಕ ಹಣೆ ಚಚ್ಚಿಕೊಂಡಳು.

ಆ ಕಡೆಯಿಂದ ಒಂದು ಗಡಸು ದನಿ ಕೇಳಿತು: “ಗೋಡೆಗೆ ಗೋಡೆ ಅಂಟಿರೋ ಮನೆ ಒಂದೂ ಇಲ್ವಾ?”

“ಒಂದೂ ಇಲ್ಲ ಸಾರ್.”

“ಲೇ, ಒಂದೂ ಇಲ್ವಂತೆ ಕಣೇ!” ದನಿ ಒಳಕೋಣೆಯತ್ತ ತಿರುಗಿ ಕೂಗಿತು. “ನಾಳೆ ಬರ್ತೀವಿ ತಮ್ಮಾ.”

ಮಾರನೇ ದಿನ ಆ ಮನೆಯಲ್ಲಿ ನಾವು ಮೂವರೂ ಕಾಯುತ್ತಿದ್ದಾಗ ಗಂಡ ಹೆಂಡತಿ ಇಬ್ಬರೂ ಬಂದರು, ಜೊತೆಗೆ ಬಟ್ಟೆ ಸುತ್ತಿದ ಒಂದು ದೊಡ್ಡ ಡ್ರಮ್ಮೂ ಬಂತು. ಅವರು ಡ್ರಮ್ ಕಲಿಸುವ ಮಾಸ್ತರು.

“ಹೋದಲ್ಲೆಲ್ಲ ಜಗಳ ಕಣಮ್ಮ,” ಎಂದು ಮಾಸ್ತರ ಹೆಂಡತಿ ಅಕ್ಕನ ಹತ್ತಿರ ಹೇಳಿಕೊಂಡರು. “ಇವರು ಕೋಲು ಎತ್ತಿದ್ರೆ ಪಕ್ಕದ ಮನೆಯೋರೂ ಕೋಲು ಎತ್ತುತ್ತಾರೆ. ಇನ್ನೊಂದು ಸಲ ಗಂಟುಮೂಟೆ ಕಟ್ಟೋ ಶಕ್ತಿ ನನಗಿಲ್ಲ.”

“ಮಾತು ಬೇಡ, ಬಾರಿಸಿ ನೋಡಿಬಿಡಿ,” ಎಂದಳು ಅಕ್ಕ. “ಮಾವ, ನೀವು ಮೇಲೆ ಜಿಮ್ಮಲ್ಲಿ ನಿಂತ್ಕೊಳ್ಳಿ. ಕೇಳಿಸಿದ್ರೆ ಬಂದು ಹೇಳಿ.”

ಮಾವ ಮೆಟ್ಟಿಲು ಹತ್ತಿದರು. ಅಕ್ಕ ಬಾಗಿಲು, ಕಿಟಕಿ ಭದ್ರ ಮಾಡಿದಳು. ಪಕ್ಕದಲ್ಲಿ ಪಂಪು ಗುಂಯ್‌ಗುಡುತ್ತಿತ್ತು. ಮಾಸ್ತರು ಅಂಗಿಯ ತೋಳು ಮಡಚಿ ಶುರುಮಾಡಿದರು ನೋಡಿ, ನನ್ನ ಹಲ್ಲುಗಳು ತಾಳಕ್ಕೆ ಸರಿಯಾಗಿ ಒಂದಕ್ಕೊಂದು ಬಡಿದುಕೊಂಡವು. ಬರೀ ಗೋಡೆಗಳ ಆ ಕೋಣೆಯಲ್ಲಿ ಗುಡುಗು ಬಾಡಿಗೆಗೆ ಬಂದ ಹಾಗಿತ್ತು. ಅಕ್ಕ ಮಾತ್ರ ಮೇಲ್ಛಾವಣಿಯನ್ನೇ ದಿಟ್ಟಿಸುತ್ತ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಬಹಳ ಹೊತ್ತಾದ ಮೇಲೆ ಮಾವ ಸಿಡಿಮಿಡಿ ಎನ್ನುತ್ತ ಇಳಿದುಬಂದರು. “ಎಷ್ಟು ಹೊತ್ತು ಕಾಯಿಸ್ತೀರಿ? ಇನ್ನೂ ಶುರುನೇ ಮಾಡ...” ಎನ್ನುತ್ತ ಬಾಗಿಲು ತಳ್ಳಿದರು. ಸದ್ದಿನ ಹೊಡೆತಕ್ಕೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಚೌಕಟ್ಟು ಹಿಡಿದುಕೊಂಡರು.

ಮಾಸ್ತರು ಕೋಲು ಕೆಳಗಿಟ್ಟರು. “ಮೇಲೆ ಕೇಳಿಸ್ಲಿಲ್ವಾ?”

“ಯಾರೋ ಡಂಬೆಲ್ ಬೀಳಿಸ್ತಿದ್ರು, ಅದಷ್ಟೇ...” ಎನ್ನುತ್ತ ಮಾವ ಅಕ್ಕನನ್ನು ನೋಡಿದರು. ಅಕ್ಕ ಆ ವಾರದಲ್ಲಿ ಮೊದಲ ಸಲ ನಕ್ಕಳು.

“ಯಜಮಾನ್ರೇ, ಇದನ್ನ ಇನ್ಯಾರಿಗೂ ತೋರಿಸಬೇಡಿ,” ಎಂದರು ಮಾಸ್ತರು. ಅವರ ಹೆಂಡತಿ ಆಗಲೇ ಬರಿನೆಲದ ನಡುವೆ ಕಾಲು ಚಾಚಿ ಕೂತುಬಿಟ್ಟಿದ್ದರು. ಚೆಕ್ ಪುಸ್ತಕ ಚೀಲದಿಂದ ಹೊರಗೆ ಬಂದಿತ್ತು.

ಶನಿವಾರ ಏಜೆನ್ಸಿಯವನು ಕರಾರುಪತ್ರ ಹಿಡಿದು ಬಂದ. ಮಾವ ಅವನನ್ನು ನೇರ ಕಿಟಕಿಯ ಮೇಜಿಗೆ ಕರೆದುಕೊಂಡು ಹೋಗಿ, ತಾವೇ ಕುರ್ಚಿ ಎಳೆದುಕೊಟ್ಟರು. “ಸಹಿ ನಂದು, ತೀರ್ಮಾನ ಇವಳದು. ಇವಳ ಹತ್ರ ಮಾತಾಡಿ.”

ಅಕ್ಕ ಅವನ ಲೀಡ್‌ಗಳನ್ನು ಮೇಲಿಂದ ಕೆಳಗೆ ನೋಡಿದಳು. “ಇವರೆಲ್ಲ ಯಾವ ಮನೆ ನೋಡಿದ್ರು? ಏನು ನೋಡಿದ್ರು? ತಿರುಗಿ ಬಂದ್ರಾ?”

“ಅದೆಲ್ಲ ನಮ್ಮ ಹತ್ರ ಇರಲ್ಲ ಮೇಡಂ. ನಂಬರ್ ಮಾತ್ರ ಪಕ್ಕಾ.”

“ನಂಬರ್ ನಮ್ಮ ಹತ್ರಾನೂ ಬೇಕಾದಷ್ಟಿದೆ. ಮನುಷ್ಯರು ಸಿಕ್ಕಿದ್ರೆ ಬನ್ನಿ,” ಎಂದು ಅಕ್ಕ ಕಾಗದ ಹಿಂದಿರುಗಿಸಿದಳು.

ಮಾವ ಬಾಗಿಲವರೆಗೂ ಹೋಗಿ ಅವನನ್ನು ಬೀಳ್ಕೊಟ್ಟು, ಅಕ್ಕನ ಮೇಜಿನ ಅಂಚಿಗೆ ಬಂದು ನಿಂತರು. “ಸೋಮವಾರ ಮೊದಲು ಯಾರಿಗೆ ಫೋನ್ ಮಾಡೋಣಮ್ಮ?” ಎಂದು ಮೆಲ್ಲಗೆ ಕೇಳಿದರು.