ಓಡುವ ನೊಣ

ಹೊಲಿಗೆ ಮಷೀನು, ಅಪ್ಪನ ಮಂಚ, ಕಿಟಕಿಗೆ ಆತುಕೊಂಡ ಪೈಪುಗಳಲ್ಲಿ ಮಣ್ಣಿಲ್ಲದೆ ನೀರಲ್ಲೇ ಬೆಳೆಯುವ ಸೊಪ್ಪು. ಪುಟ್ಟಿಯ ಸಂಸಾರವೆಲ್ಲ ಆ ಒಂದೇ ಕೋಣೆಯಲ್ಲಿತ್ತು. ಲಾರಿ ಓಡಿಸುತ್ತಿದ್ದ ಅಪ್ಪ ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶಜ್ಞಾನವೇ ಹೋಗಿ ಹಾಸಿಗೆ ಹಿಡಿದಿದ್ದ. ದಿನವಿಡೀ ಆ ಹಸಿರನ್ನೇ ನೋಡುತ್ತ ಮಲಗಿರುತ್ತಿದ್ದ.

ಆ ಕೋಣೆಗೆ ನೊಣ ಬಂದವು. ಸಾಸಿವೆ ಕಾಳಿನಷ್ಟು. ಮೊದಲು ಎಲೆಯ ಮೇಲೆ, ಆಮೇಲೆ ಬಟ್ಟೆಯ ಮೇಲೆ. ಪುಟ್ಟಿ ನೀರು ಬದಲಿಸಿದಳು, ಪೈಪು ಉಜ್ಜಿದಳು, ಅಂಟುಪಟ್ಟಿ ತೂಗುಹಾಕಿದಳು. ಜಪ್ಪಯ್ಯ ಅಂದರೂ ಹೋಗಲಿಲ್ಲ. ಅಪ್ಪನನ್ನು ನೋಡಲು ಬಂದ ಅಣ್ಣ "ಮನೆಯೋ ತಿಪ್ಪೆಯೋ ಇದು?" ಅಂತ ಮೂಗು ಮುಚ್ಚಿಕೊಂಡ. ಹೊಲಿಯಲು ಕೊಟ್ಟವರೂ ಬಟ್ಟೆ ವಾಪಸ್ ಒಯ್ಯತೊಡಗಿದಾಗ ಅವಳು ಹಲ್ಲು ಕಚ್ಚಿ ಗಿಡಗಳನ್ನೆಲ್ಲ ಕಿತ್ತೆಸೆದಳು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

ನೊಣ ಇನ್ನೂ ಹೆಚ್ಚಾದವು.

ದಿಕ್ಕು ತೋಚದೆ ಅವಳು ಗಿಡದ ಸಾಮಾನು ಮಾರುವ ಅಂಗಡಿಯಾಕೆಗೆ ಫೋನ್ ಮಾಡಿದಳು. "ಅಕ್ಕಾ, ಗಿಡ ತೆಗೆದ ಮೇಲೂ ಇವೆ. ಯಾವ ನೊಣ ಇವು?"

"ಒಂದನ್ನ ಸರಿಯಾಗಿ ನೋಡಮ್ಮ. ಸೊಳ್ಳೆ ಥರ ಉದ್ದ ಕಾಲು, ಬಡಕಲು ಮೈ ಇದ್ರೆ ಬೇರು ತಿನ್ನೋ ನೊಣ."

ಪುಟ್ಟಿ ಅಂಟುಪಟ್ಟಿಯ ಮೇಲೆ ಭೂತಕನ್ನಡಿ ಹಿಡಿದಳು. "ಇಲ್ಲ ಅಕ್ಕಾ. ಬೆನ್ನು ಗೂನು. ಹಿಂದಿನ ಕಾಲು ದಪ್ಪ."

"ಬೆದರಿಸಿದ್ರೆ ಹಾರ್ತವಾ?"

"ಹಾರೋದು ಕಮ್ಮಿ. ಅಡ್ಡಾದಿಡ್ಡಿ ಓಡ್ತವೆ."

"ಹಾಗಾದ್ರೆ ಗಿಡದ್ದಲ್ಲ ತಾಯಿ. ಇವು ಕೊಳೆತದ್ರಲ್ಲಿ ಹುಟ್ಟೋವು. ಮನೇಲಿ ಎಲ್ಲೋ ಏನೋ ಕೊಳೀತಿದೆ, ಹುಡುಕು."

ಪುಟ್ಟಿ ಬಚ್ಚಲಿನ ಜಾಲರಿ ಎತ್ತಿದಳು, ಕಸದ ಡಬ್ಬಿ ಬೋರಲು ಹಾಕಿದಳು, ಮಂಚದಡಿ ತೂರಿದಳು. ಎಲ್ಲೂ ಏನಿಲ್ಲ. ಮೇಲೆದ್ದಾಗ ಕಣ್ಣಿಗೆ ಬಿತ್ತು: ನೊಣಗಳು ಅಪ್ಪನ ಹೊದಿಕೆಯ ಕಾಲ ತುದಿಯಲ್ಲಿ ಮುತ್ತಿಕೊಂಡಿದ್ದವು. ಮೈ ಒರೆಸುವುದಕ್ಕೂ ಅವನು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ.

"ಅಪ್ಪಾ, ಕಾಲುಚೀಲ ತೆಗೀತೀನಿ."

"ಬೇಡ ಕಣೆ, ಚಳಿ."

ಅವಳು ಎಳೆದಳು. ಬಲಗಾಲಿನ ಹಿಮ್ಮಡಿ ಕಪ್ಪಾಗಿ ಬಾಯಿ ಬಿಟ್ಟಿತ್ತು. ಒಳಗೆ ಬಿಳಿಯದೇನೋ ಮಿಸುಕುತ್ತಿತ್ತು.

"ನಿನಗಿರೋ ಹೊರೆ ಸಾಲದಾ ಅಂತ ಹೇಳಲಿಲ್ಲ," ಅಂದ ಅಪ್ಪ.

"ಗಿಡ ಎಸೆಯುವಾಗಲಾದ್ರೂ ಬಾಯಿ ಬಿಡಬಾರದಿತ್ತಾ?"

ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು. ನಂಜು ರಕ್ತಕ್ಕೆ ಏರಿದೆ, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು. ಎಚ್ಚರವಾದ ಅಪ್ಪ ಜ್ವರದಲ್ಲೇ, "ಬ್ರೇಕ್ ತುಳಿಯೋ ಕಾಲೇ ಹೋಯ್ತಲ್ಲೇ," ಅಂತ ನಗಲು ನೋಡಿದ.

ಪುಟ್ಟಿಗೆ ನಗು ಬರಲಿಲ್ಲ. ಅವನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳುಗಳ ಸಂದುಸಂದನ್ನೂ ಬಿಡಿಸಿ ಬಿಡಿಸಿ ನೋಡುತ್ತ ಕೂತಳು.