ಮೇಷ್ಟ್ರು ಬರೆದ ಹುಟ್ಟಿದ ದಿನ

2024ರ ಆಗಸ್ಟ್ 6, ಬೆಳಿಗ್ಗೆ 10.40. ಏಳನೇ ವಯಸ್ಸಿಗೆ ಹೊಸನಗರದಿಂದ ಅಮೆರಿಕಕ್ಕೆ ಹೋಗಿ ಅಲ್ಲೇ ಬೆಳೆದು, ಕಳ್ಳತನಕ್ಕೆ ಎರಡು ವರ್ಷ ಜೈಲಿನಲ್ಲಿದ್ದು, ಗಡೀಪಾರಾಗಿ ಬಂದಿದ್ದ ಹೇರಂಬ, ಒಂದನೇ ತರಗತಿಯ ಮೇಷ್ಟ್ರು ಗಿರಿಯಪ್ಪನವರ ಮುಂದೆ ಶಾಲೆಯ ದಾಖಲೆ ಇಟ್ಟ.

"ನಾನು ಹುಟ್ಟಿದ್ದು ಜುಲೈ ಹದಿನಾಲ್ಕು ಮೇಷ್ಟ್ರೇ. ಇಲ್ಲಿ ಜೂನ್ ಒಂದು ಅಂತಿದೆ."

"ಶಾಲೆ ಶುರುವಾಗೋ ದಿನಕ್ಕೆ ವಯಸ್ಸು ಸಾಲ್ತಿರ್ಲಿಲ್ಲ ಮಾರಾಯ. ಜನನ ಪತ್ರ ಯಾರ ಹತ್ರ ಇತ್ತು? ಎಲ್ರಿಗೂ ಹಂಗೇ ಬರೀತಿದ್ದೆ. ಅದ್ರಿಂದ ಎಂತಾ ಆಯ್ತು?"

"ಪಾಸ್‌ಪೋರ್ಟಿಗೂ ಅಮೆರಿಕದ ಕಾಗದಕ್ಕೂ ಇದೇ ತಾರೀಖು ಹೋಯ್ತು. ಅಪ್ಪ ಅಲ್ಲಿಯ ಪ್ರಜೆ ಆದಾಗ ನಂಗೆ ಹದಿನೆಂಟು ತುಂಬಿರದಿದ್ರೆ ನಾನೂ ಪ್ರಜೆ, ಗಡೀಪಾರು ಇರ್ಲಿಲ್ಲ. ಮಗಳು ಅಲ್ಲೇ ಇದಾಳೆ."

ಗಿರಿಯಪ್ಪ ಒಂದು ಹಾಳೆ ತೆಗೆದುಕೊಂಡರು. ದಿನಾಂಕ ಬದಲಿಸಿದ್ದು ತಾನೇ ಎಂದು ಬರೆದು ಸಹಿ ಹಾಕಿದರು. ನಿಜವಾದ ಹುಟ್ಟಿದ ದಿನದ ಪ್ರಕಾರ, ಅಪ್ಪ ಪ್ರಜೆಯಾದ ದಿನ ಹೇರಂಬನಿಗೆ ಹದಿನೆಂಟು ತುಂಬಲು ಆರು ದಿನ ಬಾಕಿ ಇತ್ತು.