ಪೂರ್ತಿ ಒಂದು ನಿಮಿಷ

ನಾನು ಒಂದು ಗಡಿಯಾರ. ಕೈಗೆ ಕಟ್ಟುವ ಜಾತಿಯಲ್ಲ, ಗೋಡೆಗೆ ತೂಗುಹಾಕುವ ಜಾತಿಯೂ ಅಲ್ಲ. ನರ್ಸಮ್ಮಂದಿರ ಎದೆಯ ಮೇಲೆ ಪಿನ್ನಿನಲ್ಲಿ ಜೋತಾಡುವ ಜಾತಿ. ಎದುರಿಗೆ ನಿಂತು ನೋಡಿದರೆ ನನ್ನ ಹನ್ನೆರಡು ಕೆಳಗಿರುತ್ತದೆ, ಆರು ಮೇಲಿರುತ್ತದೆ. ಧರಿಸಿದವಳು ಗದ್ದ ತಗ್ಗಿಸಿ ನೋಡಿದಾಗ ಮಾತ್ರ ಎಲ್ಲ ನೆಟ್ಟಗೆ. "ಸಿಸ್ಟರ್, ನಿಮ್ಮ ಗಡಿಯಾರ ಉಲ್ಟಾ ಐತ್ರಿ" ಎಂದು ಹೇಳದ ರೋಗಿಯನ್ನು ನಾನು ಕಂಡದ್ದು ಕಡಿಮೆ. ಜ್ವರ ಎಷ್ಟೇ ಇರಲಿ, ಅಷ್ಟು ಹೇಳಲು ಅವರಿಗೆ ಶಕ್ತಿ ಇರುತ್ತಿತ್ತು.

ನಾನು ಹುಟ್ಟಿದ್ದು ಹಿಮ ಬೀಳುವ ಒಂದು ಊರಿನ ಕಾರ್ಖಾನೆಯಲ್ಲಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಉಸಿರು ಬಿಗಿಹಿಡಿದು ನನ್ನ ಕೆಂಪು ಸೆಕೆಂಡು ಮುಳ್ಳನ್ನು ಕೂರಿಸಿದಳು. ಮುಳ್ಳು ಹೊರಟಿತು. ಆಮೇಲೆ ಅವಳು ಉಸಿರು ಬಿಟ್ಟಳು. ಲೋಕದಲ್ಲಿ ನಾನು ಕೇಳಿದ ಮೊದಲ ಸದ್ದು ಅದು, ಒಬ್ಬ ಹೆಂಗಸಿನ ಉಸಿರು. ಅಲ್ಲಿಂದೀಚೆಗೆ ನನ್ನ ಬಾಳೆಲ್ಲ ಉಸಿರು ಮತ್ತು ನಾಡಿಯ ಪಕ್ಕದಲ್ಲೇ ಕಳೆಯಿತು.

ಹಡಗಿನಲ್ಲಿ ಮುಂಬಯಿಗೆ ಬಂದೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ನನ್ನನ್ನು ಕಂಡು ಕೊಂಡವಳು ಅಪೊಲಿನ್ ಲೋಬೊ. ಕಾರ್ಕಳದ ಕಡೆಯ ಹುಡುಗಿ, ಇಪ್ಪತ್ತೆರಡು ವರ್ಷ, ಆಗಷ್ಟೇ ನರ್ಸಿಂಗ್ ಮುಗಿಸಿದ್ದಳು. ಕುವೈತಿಗೆ ಹೊರಟಿದ್ದಳು. ನನ್ನನ್ನು ಸೆರಗಿಗೆ ಸಿಕ್ಕಿಸಿಕೊಂಡು ಅದೇ ಮಧ್ಯಾಹ್ನ ಏಜೆಂಟರ ಕಚೇರಿಗೆ ಹೋದಳು. ಏಜೆಂಟರೆಂದರೆ ಮೆಂಡೋನ್ಸಾ ಎಂಬ ಮುದುಕರು. ಒಂದೇ ಕೋಣೆ, ಒಂದು ಟೈಪ್‌ರೈಟರು, ಸದಾ ಕೆಮ್ಮು.

"ಸಹಿ ಎಲ್ಲಿ ಹಾಕಬೇಕು ಹೇಳಿ" ಎಂದಳು ಅಪೊಲಿನ್. ಅವಳಿಗೆ ಅವಸರ.

"ಮೊದಲು ಕೇಳು ಬಾಯೆ. ಸಹಿ ನಿನ್ನದು, ನನ್ನದಲ್ಲ."

ಅಷ್ಟು ಹೇಳಿ ಆ ಮನುಷ್ಯ ಆರು ಪುಟದ ಕರಾರನ್ನು ಮೊದಲಿಂದ ಕೊನೆಯವರೆಗೆ ಓದಿದರು. ಇಂಗ್ಲಿಷಿನ ಒಂದೊಂದು ಸಾಲನ್ನೂ ಕೊಂಕಣಿಯಲ್ಲಿ ಬಿಡಿಸಿ ಹೇಳಿದರು. ರಜೆ ಎಷ್ಟು, ಕಾಯಿಲೆ ಬಿದ್ದರೆ ಏನು, ಮನಸ್ಸು ಒಗ್ಗದಿದ್ದರೆ ಹಿಂದಿರುಗುವ ಟಿಕೆಟ್ಟು ಯಾರದು, ಎಲ್ಲ. ಮಧ್ಯೆ ಕೆಮ್ಮು ಬಂದರೆ ನೀರು ಕುಡಿದು, ಬಿಟ್ಟಲ್ಲಿಂದ ಅಲ್ಲ, ಆ ಸಾಲಿನ ಆರಂಭದಿಂದ ಮತ್ತೆ ಓದುತ್ತಿದ್ದರು. ಓದಿ ಮುಗಿಸಿ, ಅವಳ ಅಸಲು ಸರ್ಟಿಫಿಕೇಟುಗಳನ್ನು ಅವಳ ಕೈಗೇ ಕೊಟ್ಟರು. ಆ ಓದು ಐವತ್ತೆರಡು ನಿಮಿಷ ತೆಗೆದುಕೊಂಡಿತು. ನಾನೇ ಎಣಿಸಿದ್ದು, ತಪ್ಪಾಗಿರಲಿಕ್ಕಿಲ್ಲ.

ಕುವೈತಿನಲ್ಲಿ ಮೊದಲ ವಾರವೇ ನನಗೆ ನಾಚಿಕೆಯಾಗುವಂಥದ್ದು ನಡೆಯಿತು. ಒಬ್ಬ ಅಜ್ಜನ ನಾಡಿ ಹಿಡಿದು ಅಪೊಲಿನ್ ನನ್ನ ಮುಳ್ಳನ್ನು ಹದಿನೈದು ಸೆಕೆಂಡು ನೋಡಿದಳು, ನಾಲ್ಕರಿಂದ ಗುಣಿಸಿ ಎಪ್ಪತ್ತೆರಡು ಎಂದು ಬರೆದಳು. ಹೆಚ್ಚಿನವರು ಮಾಡುವುದು ಹಾಗೆಯೇ. ಹಿಂದೆ ನಿಂತಿದ್ದ ಮೇಟ್ರನ್ ಮುಂದೆ ಬಂದು ಅಪೊಲಿನ್ನಳ ಬೆರಳುಗಳನ್ನು ಮತ್ತೆ ಆ ಮುಂಗೈ ಮೇಲೆ ಇಟ್ಟು ಒತ್ತಿ ಹಿಡಿದಳು. ಇಪ್ಪತ್ತನೆಯ ಸೆಕೆಂಡಿನಲ್ಲಿ ನಾಡಿ ಒಮ್ಮೆ ತಪ್ಪಿತು. ಆಮೇಲೆ ಎರಡು ಬಡಿತ ಒಟ್ಟೊಟ್ಟಿಗೆ ಓಡಿ ಬಂದವು. ಮತ್ತೆ ಮೌನ. ನಲವತ್ತರ ಹೊತ್ತಿಗೆ ಅಪೊಲಿನ್ನಳ ಮುಖ ಬಿಳಿಚಿತ್ತು. ಸಂಜೆಯೊಳಗೆ ಆ ಅಜ್ಜನಿಗೆ ಬೇಕಾದ ಚಿಕಿತ್ಸೆ ಶುರುವಾಯಿತು. ಒಂದು ಪುಟ್ಟ ನಿಮಿಷದೊಳಗೆ ಇಡೀ ಒಬ್ಬ ಮನುಷ್ಯ ಅಡಗಿ ಕೂತಿರಬಲ್ಲ ಎಂಬುದು ನನಗೆ ತಿಳಿದದ್ದು ಅಂದು. ಇಂದಿಗೂ ಅದನ್ನು ನೆನೆದರೆ ನನ್ನ ಮುಳ್ಳು ಜುಮ್ಮೆನ್ನುತ್ತದೆ.

ಹದಿನಾಲ್ಕು ವರ್ಷ ಅಲ್ಲಿದ್ದು ಅವಳು ಹುಬ್ಬಳ್ಳಿಗೆ ಬಂದಳು. ಗಂಡನಿಗೆ ಅಲ್ಲಿ ರೈಲ್ವೆಯಲ್ಲಿ ಕೆಲಸ. ಅಲ್ಲಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸಿಸ್ಟರ್ ಆದಳು, ಬರಬರುತ್ತ ಮೇಟ್ರನ್ ಆದಳು. ಕರಾವಳಿಯ ಮಾತನ್ನು ಮಾತ್ರ ಬಿಡಲಿಲ್ಲ.

ಅವಳ ಕೊನೆಯ ವರ್ಷಗಳಲ್ಲಿ ಅಣ್ಣಿಗೇರಿಯಿಂದ ನೀಲಗಂಗಾ ಎಂಬ ಹುಡುಗಿ ಕೆಲಸಕ್ಕೆ ಸೇರಿದಳು. ಅಪ್ಪ ಕ್ಷೌರದಂಗಡಿ ಇಟ್ಟವರು. ಹುಡುಗಿ ಚುರುಕು, ನಡಿಗೆಯೂ ಓಟದಂತೆ.

"ಎಂತ ನೀಲಾ, ಹದಿನೈದು ಸೆಕೆಂಡು ಎಣಿಸಿ ಗುಣಿಸಿದ್ದಾ?"

"ಹೂಂ ಮೇಡಂ. ಅರವತ್ತು ಮಂದಿ ಪೇಷಂಟ್ಸು, ಇಬ್ಬರ ಇದ್ದೇವ್ರಿ."

"ಉಳಿದ ನಲವತ್ತೈದು ಸೆಕೆಂಡು ಅವರ ಹೃದಯ ಎಂತ ಮಾಡ್ತಾ ಇತ್ತು ಅಂತ ನಿನಗೆ ಹೇಗೆ ಗೊತ್ತು ಮಾರಾಯ್ತಿ?"

ಅಂದಿನಿಂದ ನೀಲಗಂಗಾ ಎಲ್ಲಿಂದಲೋ ಸಮಯ ಕದ್ದು ಪೂರ್ತಿ ಎಣಿಸತೊಡಗಿದಳು. ಅದಕ್ಕಾಗಿ ಊಟ ತಡವಾಗುತ್ತಿತ್ತು, ಬಸ್ಸು ತಪ್ಪುತ್ತಿತ್ತು. ನಿವೃತ್ತಿಯ ದಿನ ಅಪೊಲಿನ್ ನನ್ನನ್ನು ಬಿಚ್ಚಿ ಅವಳ ಸಮವಸ್ತ್ರಕ್ಕೆ ಸಿಕ್ಕಿಸಿದಳು. ಹೊಸ ಎದೆಯ ಬಡಿತಕ್ಕೆ ಒಗ್ಗಿಕೊಳ್ಳಲು ನನಗೆ ಎರಡು ದಿನ ಹಿಡಿಯಿತು.

ನೀಲಗಂಗಾಳಿಗೆ ಒಂದು ಆಸೆಯಿತ್ತು. ಒಬ್ಬ ರೋಗಿಯ ಬಳಿ ಸಮಯ ಕದಿಯದೆ, ಓಡದೆ, ಒಂದು ನಿಮಿಷ ಕೂರಲು ಬಿಡುವಂಥ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಐರ್ಲೆಂಡಿನಲ್ಲಿ ಅಂಥವು ಇವೆ ಎಂದು ಕೇಳಿದ್ದಳು. ಹೋಗುವುದು ಹೇಗೆ?

"ಡ್ಯೂಟಿ ಮಾಡಿ ಮತ್ತ ಆ ಫಾರ್ಮು ತುಂಬಾಕ ಕುಂದರ್ತಿ ಏನ?" ಎಂದಳು ಜೊತೆಯ ಶಾಹೀನ್. "ಏಜೆನ್ಸಿಗೆ ಫೀಸು ಕೊಟ್ಟು ಕೈ ತೊಳಕೋ. ನಮ್ಮಕ್ಕ ದುಬೈಕ್ಕ ಹಂಗ ಹೋದ್ಲು, ಆರಾಮ ಅದಾಳ."

ಅದು ಸುಳ್ಳೇನಲ್ಲ. ಶಾಹೀನಳ ಅಕ್ಕ ನಿಜಕ್ಕೂ ಆರಾಮವಾಗಿದ್ದಳು. ನೀಲಗಂಗಾ ಊರಿನ ಒಂದು ಏಜೆನ್ಸಿಗೆ ತನ್ನ ಅಸಲು ಸರ್ಟಿಫಿಕೇಟುಗಳನ್ನು ಕೊಟ್ಟು ಬಂದಳು. ಪರಿಶೀಲನೆಗೆ ಬೇಕು ಎಂದಿದ್ದರು. ಒಂದು ತಿಂಗಳಾದ ಮೇಲೆ ಸಹಿ ಹಾಕಲು ಕರೆ ಬಂತು. ಹೊರಡುವ ಮುನ್ನ ಅವಳು ಅಪೊಲಿನ್ನಳಿಗೆ ಫೋನು ಮಾಡಿದಳು.

"ಏಜೆಂಟರ ಮೂಲಕ ಹೋಗೂದು ತಪ್ಪೇನ್ರಿ ಮೇಡಂ?"

"ನಾನೂ ಹಾಗೇ ಹೋದವಳಲ್ವಾ? ತಪ್ಪು ಅಂತ ಹ್ಯಾಗೆ ಹೇಳುವುದು. ಆದ್ರೆ ಒಂದು ಕೇಳು. ಸಹಿ ಮಾಡುವ ಮೊದಲು ಕಾಗದ ಪೂರ್ತಿ ಓದಿ ಹೇಳ್ತಾರಾ ನೋಡು. ಓದಿದ್ರೆ ಧೈರ್ಯದಿಂದ ಹೋಗು. ಸಹಿಯ ಜಾಗ ಮಾತ್ರ ತೋರಿಸಿದ್ರೆ ಎದ್ದು ಬಾ."

ಅವತ್ತು ನೀಲಗಂಗಾ ನನ್ನನ್ನು ದುಪಟ್ಟಾದ ಒಳಗೆ ಸಿಕ್ಕಿಸಿಕೊಂಡಿದ್ದಳು. ಹಾಗಾಗಿ ನಾನು ಕಂಡದ್ದು ಸ್ವಲ್ಪ, ಕೇಳಿದ್ದು ಎಲ್ಲ. ಕಚೇರಿಯ ಬೆಂಚಿನ ಮೇಲೆ ಆರು ಜನ ನರ್ಸ್ ಹುಡುಗಿಯರು ಕಾಯುತ್ತಿದ್ದರು. ಮೇಜಿನ ಆಚೆ ಉಲ್ಲಾಸ್ ಸರ್. ಒಳ್ಳೆಯ ಮಾತುಗಾರ, ಬಂದವರಿಗೆಲ್ಲ ಚಹಾ ತರಿಸುವ ಮನುಷ್ಯ.

"ಇಲ್ಲೊಂದು, ಇಲ್ಲೊಂದು, ಹಿಂದ ಒಂದು. ಮೂರ ಸಹಿ, ಮುಗೀತು ತಂಗಿ."

"ಒಂದ ಸಲ ಓದ್ರಿ ಸರ್."

"ಏನ ಓದೂದೈತಿ? ಎಲ್ಲಾ ಇಂಗ್ಲಿಷ್‌ನ್ಯಾಗ ಐತಿ."

"ನಾ ನರ್ಸಿಂಗ್ ಕಲಿತದ್ದೂ ಇಂಗ್ಲಿಷ್‌ನ್ಯಾಗ ರೀ. ಓದ್ರಿ."

ಅವರು ನಕ್ಕು, ಓಡುವ ರೈಲಿನ ವೇಗದಲ್ಲಿ ಓದತೊಡಗಿದರು. ಹೆಸರು, ಊರು, ಕಾಲೇಜು. ಆಮೇಲೆ ಅನುಭವ: ಐಸಿಯುನಲ್ಲಿ ಎರಡೂವರೆ ವರ್ಷ.

"ನಿಲ್ರಿ. ನಾ ಐಸಿಯುದಾಗ ಇದ್ದದ್ದು ಹನ್ನೊಂದು ತಿಂಗಳ. ಉಳಿದದ್ದು ಹೆಣ್ಣಮಕ್ಕಳ ವಾರ್ಡಿನ್ಯಾಗ."

"ಗೊತ್ತೈತವಾ. ನಮ್ಮವರು ಅನುಭವದ್ದೊಂದು ಪತ್ರ ಹೊಂದಿಸ್ಯಾರ. ಹನ್ನೊಂದು ತಿಂಗಳಂದ್ರ ನಿನ್ನ ಫೈಲ್ ಹಿಂದ ಬೀಳ್ತೈತಿ. ಅಲ್ಲಿ ಯಾರು ಕುಂತು ಎಣಸ್ತಾರ?"

ನಾನು ಎಣಿಸುತ್ತಿದ್ದೆ. ನೂರಾ ಹದಿನೆಂಟು. ಅಷ್ಟು ಜೋರಾಗಿ ಆ ಎದೆ ಬಡಿದದ್ದನ್ನು ನಾನು ಕೇಳಿರಲಿಲ್ಲ. ಸಹಿ ಹಾಕಿದರೆ ಕೆಲವೇ ತಿಂಗಳಲ್ಲಿ ಅವಳ ಆಸೆಯ ಆಸ್ಪತ್ರೆ. ಹಾಕದಿದ್ದರೆ, ಅಸಲು ಸರ್ಟಿಫಿಕೇಟುಗಳೆಲ್ಲ ಅವರ ಬೀರುವಿನಲ್ಲಿ. ಪೆನ್ನು ಅವಳ ಕೈಯಲ್ಲೇ ಇತ್ತು. ನನ್ನ ಮುಳ್ಳು ಒಂದು ಸುತ್ತು ಪೂರ್ತಿ ಹಾಕಿತು.

"ಅಲ್ಲೊಬ್ಬ ಪೇಷಂಟ್ ನನ್ನ ಮುಂದ ಮಲಗಿರ್ತಾನ ಸರ್" ಎಂದಳು ಮೆಲ್ಲಗೆ. "ಈ ಸಿಸ್ಟರ್‌ಗೆ ಎಲ್ಲಾ ಬರ್ತೈತಿ ಅಂತ ನಂಬಿರ್ತಾನ. ಎರಡೂವರೆ ವರ್ಷದ್ದು ನಂಗ ಬರೂದಿಲ್ಲ. ಈ ಸಹಿ ನಾ ಮಾಡೂದಿಲ್ಲ. ನನ್ನ ಸರ್ಟಿಫಿಕೇಟ್ ಕೊಡ್ರಿ."

ಉಲ್ಲಾಸ್ ಸರ್ ಅವರ ನಗು ನಿಂತಿತು. "ಹಂಗ ಕೊಡಾಕ ಬರೂದಿಲ್ಲ. ಬೀರುದ ಕೀಲಿ ಮ್ಯಾನೇಜರ್ ಹತ್ರ ಐತಿ. ಮುಂದಿನ ವಾರ ಬಾ."

"ಇವತ್ತು ರಜಾ ಹಾಕೇನ್ರಿ. ಕಾಯ್ತೀನಿ."

ಬೆಂಚಿನ ತುದಿಯಲ್ಲಿ ಹೋಗಿ ಕೂತಳು. ಜಗಳವಿಲ್ಲ, ಅಳುವಿಲ್ಲ. ಸುಮಾರು ಹತ್ತು ನಿಮಿಷದ ಮೇಲೆ ಪಕ್ಕದ ಹುಡುಗಿ, ಮಲ್ಲಿಗೆ ಮುಡಿದಿದ್ದವಳು, ಎದ್ದು ಮೇಜಿನ ಹತ್ತಿರ ಹೋದಳು.

"ಸರ್, ನಂದೂ ಒಂಚೂರು ಓದ್ರಿ."

"ನಿಂದು ಆಗಲೇ ಸಹಿ ಆಗೇತಲ್ಲವಾ."

"ಹೌದ್ರಿ. ಏನಕ್ಕ ಸಹಿ ಮಾಡೇನಿ ಅಂತ ಕೇಳಬೇಕಾಗಿತ್ತು."

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬಳು ಎದ್ದಳು. "ನಂದೂ ರೀ." ಮತ್ತೊಬ್ಬಳು. "ನಮ್ಮ ಹಾಸ್ಪಿಟಲ್‌ನ್ಯಾಗ ಐಸಿಯುನ ಇಲ್ಲ, ನಂದರಾಗ ಏನ ಬರದೀರಿ ನೋಡ್ರಿ ಸರ್." ಆರು ಜನರೂ ಮೇಜಿನ ಸುತ್ತ ನಿಂತರು. ದನಿ ಯಾರದೂ ಏರಲಿಲ್ಲ, ವಾರ್ಡಿನಲ್ಲಿ ಮಾತಾಡುವಷ್ಟೇ ಮೆಲ್ಲಗೆ ಕೇಳುತ್ತಿದ್ದರು. ಮ್ಯಾನೇಜರ್ ಹತ್ತಿರ ಇದ್ದ ಕೀಲಿ ಉಲ್ಲಾಸ್ ಸರ್ ಅವರ ಪ್ಯಾಂಟಿನ ಜೇಬಿನಿಂದಲೇ ಹೊರಬಂತು.

"ತಗೋ, ನಿಂದು ನೀ ತಗೊಂಡು ಹೋಗು ತಾಯಿ" ಎಂದರು. ನೀಲಗಂಗಾ ಒಂದೊಂದೇ ಕಾಗದ ತಿರುವಿ ನೋಡಿ, ಹೊಂದಿಸಿದ ಆ ಪತ್ರವನ್ನು ಬೇರೆ ಮಾಡಿ ಅವರ ಕಣ್ಣೆದುರೇ ಹರಿದು, ಉಳಿದದ್ದನ್ನು ಎದೆಗವಚಿಕೊಂಡು ಇಳಿದಳು. ಕೆಳಗೆ ರಸ್ತೆಯಲ್ಲಿ ನಿಂತಾಗ ಅವಳ ನಾಡಿ ಎಂಬತ್ತಕ್ಕೆ ಬಂದಿತ್ತು. ಆ ಕಾಗದಗಳಿಗೂ ನನಗೂ ನಡುವೆ ಒಂದು ದುಪಟ್ಟಾ ಮಾತ್ರ. ಇಷ್ಟು ತೆಳ್ಳಗಿನ ಹುಡುಗಿಯೊಳಗೆ ಇಷ್ಟು ಗಟ್ಟಿಯಾದದ್ದು ಎಲ್ಲಿತ್ತು ಎಂದು ನನಗೆ ಸೋಜಿಗವೋ ಸೋಜಿಗ.

ಮುಂದಿನದು ಸುಲಭವಾಗಿರಲಿಲ್ಲ. ಫಾರ್ಮುಗಳನ್ನು ಅವಳೇ ತುಂಬಿದಳು. ಸರ್ಟಿಫಿಕೇಟಿನ ಒಂದು ಮುದ್ರೆಗಾಗಿ ಬೆಂಗಳೂರಿಗೆ ನಾಲ್ಕು ಸಲ ಹೋದಳು. ಇಂಗ್ಲಿಷ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾದಳು. ಒಂದು ಆಸ್ಪತ್ರೆ ಬೇಡವೆಂದಿತು, ಇನ್ನೊಂದು ಉತ್ತರವನ್ನೇ ಬರೆಯಲಿಲ್ಲ. ಒಳ್ಳೆಯ ಏಜೆಂಟರೊಬ್ಬರು ಸಿಕ್ಕಿದ್ದರೆ ಈ ಅಲೆದಾಟ ಅರ್ಧವಾಗುತ್ತಿತ್ತು ಎಂದು ನಾನೂ ಅಂದುಕೊಂಡದ್ದುಂಟು. ಎಲ್ಲರೂ ಒಂದೇ ಅಲ್ಲ, ಮೆಂಡೋನ್ಸಾರನ್ನು ನಾನು ಮರೆತಿಲ್ಲ. ಒಂದೂವರೆ ವರ್ಷವಾಯಿತು. ಕೊನೆಗೆ ಐರ್ಲೆಂಡಿನ ಒಂದು ಆಸ್ಪತ್ರೆಯ ಸಂದರ್ಶನದಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ ಒಬ್ಬ ಬಿಳಿಕೂದಲಿನ ಹೆಂಗಸು ಕೇಳಿದಳು, ಐಸಿಯುನಲ್ಲಿ ಹನ್ನೊಂದೇ ತಿಂಗಳೇ ಎಂದು. ನೀಲಗಂಗಾ ಹೌದೆಂದಳು. ಉಳಿದ ತಿಂಗಳು ಅರವತ್ತು ಹಾಸಿಗೆಯ ವಾರ್ಡಿನಲ್ಲಿ ಏನೇನು ಮಾಡಿದೆ ಎಂದು ಹೇಳಿದಳು. ಆ ಹೆಂಗಸು ಪೆನ್ನು ಕೆಳಗಿಟ್ಟು ಕಿವಿಗೊಟ್ಟಳು. ಐಸಿಯು ಸಿಗಲಿಲ್ಲ. ವಯಸ್ಸಾದವರ ವಾರ್ಡು ಸಿಕ್ಕಿತು.

ಅಲ್ಲಿ ಅವಳು ಮೊದಲ ದಿನ ಒಬ್ಬ ಅಜ್ಜಿಯ ನಾಡಿ ಹಿಡಿದು ಪೂರ್ತಿ ಒಂದು ನಿಮಿಷ ಕೂತಳು. ಯಾರೂ ಕರೆಯಲಿಲ್ಲ, ಯಾರೂ ಅವಸರಪಡಿಸಲಿಲ್ಲ. ಅಜ್ಜಿ ನನ್ನನ್ನು ನೋಡಿ ತನ್ನ ಭಾಷೆಯಲ್ಲಿ, ನಿನ್ನ ಗಡಿಯಾರ ತಲೆಕೆಳಗಾಗಿದೆ ಮಗಳೇ ಎಂದಳು. ನೀಲಗಂಗಾ ನಕ್ಕಳು. ನಕ್ಕಾಗ ಕಣ್ಣು ತುಂಬಿತ್ತು.

ಈಗ ನನಗೆ ವಯಸ್ಸಾಗಿದೆ. ದಿನಕ್ಕೆ ಹನ್ನೆರಡು ನಿಮಿಷ ಹಿಂದೆ ಬೀಳುತ್ತಿದ್ದೆ, ಕಳೆದ ಚಳಿಗಾಲದಲ್ಲಿ ನಿಂತೇಬಿಟ್ಟೆ. ಆಸ್ಪತ್ರೆಯಿಂದ ಅವಳಿಗೆ ರಬ್ಬರಿನ ಹೊಸ ಗಡಿಯಾರ ಕೊಟ್ಟಿದ್ದಾರೆ. ನಾನು ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ ಇದ್ದೇನೆ. ಇಲ್ಲಿ ನೆಟ್ಟಗೆ ಒರಗಿಸಿಟ್ಟಿದ್ದಾಳೆ. ಬಾಳಿನಲ್ಲಿ ಮೊದಲ ಬಾರಿ ನಾನು ಎಲ್ಲರಿಗೂ ಸರಿಯಾಗಿ ಕಾಣುತ್ತೇನೆ, ತೋರಿಸಲು ಸಮಯವೇ ಇಲ್ಲ.

ರಜೆಯ ದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುವಾಗ ಫೋನು ಬರುತ್ತದೆ. ಗದಗಿನಿಂದಲೋ ಬಾಗಲಕೋಟೆಯಿಂದಲೋ, ಯಾರಿಂದಲೋ ನಂಬರು ಪಡೆದ, ಗುರುತಿಲ್ಲದ ಯಾವಳೋ ಹುಡುಗಿ. ಪ್ರಶ್ನೆ ಮಾತ್ರ ಅದೇ.

"ಅಕ್ಕಾರ, ಏಜೆನ್ಸಿಯವರು ಸಹಿ ಮಾಡಂತಾರ. ಮಾಡ್ಲೋ ಬ್ಯಾಡೋ?"

ನೀಲಗಂಗಾ ಒಲೆ ಆರಿಸುತ್ತಾಳೆ. ಹಿಟ್ಟಿನ ಕೈ ಒರೆಸಿಕೊಂಡು ಕುರ್ಚಿ ಎಳೆದು ಕೂರುತ್ತಾಳೆ. ಅಷ್ಟು ದೂರದ ಒಂದು ಕಾಗದಕ್ಕಾಗಿ ಒಬ್ಬಳು ಹೀಗೆ ಕೂರುವುದನ್ನು ನೋಡಿದಾಗಲೆಲ್ಲ, ನಿಂತುಹೋದ ನನ್ನೊಳಗೆ ಚಕ್ರದ ಯಾವುದೋ ಒಂದು ಹಲ್ಲು ಮಿಸುಕಿದಂತಾಗುತ್ತದೆ.

"ಕಾಗದ ಕೈಯಾಗ ಐತಿಲ್ಲ?" ಎನ್ನುತ್ತಾಳೆ. "ಮೊದಲನೇ ಸಾಲಿಂದ ಓದವಾ. ಪೂರಾ ಓದು. ನಾ ಕೇಳ್ತೀನಿ."